ಮಳೆ ಬಿಟ್ಟ ಮೇಲೆ ಬೀಳುವ ಇಎಲ್‌ಸಿಬಿ: ಪಂಪಿನದ್ದೋ, ಅಂಗಳದ ವೈರಿಂಗಿನದ್ದೋ?

ಉದ್ಯಾವರ ಹೊಳೆಬದಿ

ಮನೆ ಉದ್ಯಾವರದಲ್ಲಿ, ಕಡಲಿಗೆ ಹತ್ತಿರ. ಸಿಂಗಲ್ ಫೇಸ್. ಮೀಟರ್ ಆದ ಮೇಲೆ ಮೈನ್ ಸ್ವಿಚ್ಚು, ನಂತರ ಇಡೀ ಮನೆಗೆ ಒಂದೇ ಇಎಲ್‌ಸಿಬಿ (ಹೋದ ಕರೆಂಟು ಪೂರ್ತಿ ಮರಳದೆ ಅರ್ತಿಗೆ ಸೋರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್ಚು). ಅದರ ಮೇಲೆ 40 ಆಂಪಿಯರ್, 30 ಮಿಲಿ ಆಂಪಿಯರ್ ಎಂದು ಬರೆದಿದೆ. ಕೆಳಗೆ ಎಲ್ಲ ಸಿಂಗಲ್ ಪೋಲ್ ಎಂಸಿಬಿಗಳು (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚುಗಳು).

ಅಂಗಳದ್ದೆಲ್ಲ ಒಂದು 10 ಆಂಪಿಯರ್ ಎಂಸಿಬಿಯಲ್ಲಿ ಉಂಟು: ಗೇಟಿನ ಎರಡು ಕಂಬದ ಮೇಲೆ ಲೈಟು, ತುಳಸಿಕಟ್ಟೆಗೆ ಒಂದು, ಪಾಗಾರದ ಉದ್ದಕ್ಕೆ ಆರು ಸಣ್ಣ ಎಲ್‌ಇಡಿ, ಕಾರು ನಿಲ್ಲಿಸುವಲ್ಲಿ ಒಂದು ಪ್ಲಗ್ ಪಾಯಿಂಟ್. ವೈರು ಪಿವಿಸಿ ಪೈಪಿನಲ್ಲಿ. ಅರ್ಧ ದೂರ ಕೆಂಪುಕಲ್ಲಿನ ಪಾಗಾರದ ಮೇಲೆ ಹೋಗಿದೆ, ಉಳಿದದ್ದು ಇಂಟರ್‌ಲಾಕಿನ ಅಡಿಯಲ್ಲಿ. ಬಾವಿಯೊಳಗಿನ 1 ಎಚ್‌ಪಿ ಪಂಪಿಗೆ ಬೇರೆಯೇ 16 ಆಂಪಿಯರ್ ಎಂಸಿಬಿ.

ಜೋರು ಮಳೆ ಸುರಿಯುವಾಗ ಏನೂ ಆಗುವುದಿಲ್ಲ. ಮಳೆ ಬಿಟ್ಟ ರಾತ್ರಿಯ ಮರುದಿನ, ಬೆಳಗ್ಗೆ ಐದರಿಂದ ಏಳರ ಒಳಗೆ ಇಎಲ್‌ಸಿಬಿ ಬೀಳುತ್ತದೆ. ಬಿಸಿಲು ಏರಿದ ಮೇಲೆ ಎತ್ತಿದರೆ ನಿಲ್ಲುತ್ತದೆ. ಅಂಗಳದ ಎಂಸಿಬಿ ಇಳಿಸಿಟ್ಟರೆ ಹೆಚ್ಚುಕಡಿಮೆ ಸರಿ. ಆದರೆ ಕೆಲವು ದಿನ ಅದನ್ನು ಇಳಿಸಿಟ್ಟರೂ ಪಂಪು ಹಾಕಿದ ಕೂಡಲೇ ಬೀಳುತ್ತದೆ. ಒಮ್ಮೆ ಸ್ಟಾರ್ಟ್ ಆಗಿ ಓಡಿದರೆ ಮತ್ತೆ ತೊಂದರೆ ಇಲ್ಲ.

ಎಲೆಕ್ಟ್ರಿಷಿಯನ್ ಇಎಲ್‌ಸಿಬಿ ಬದಲಾಯಿಸಿದರು. ಹೊಸದೂ ಅದೇ ಕತೆ. ಈಗ ಪಂಪನ್ನು ಮೇಲೆತ್ತಿ ರಿವೈಂಡಿಂಗಿಗೆ ಕೊಡಬೇಕು ಅನ್ನುತ್ತಾರೆ. ಅದಕ್ಕೆ ಮೊದಲು ಎಂತ ನೋಡಬಹುದು?

ಪಡುಬಿದ್ರಿ 230

30 ತೆಗೆದು 100 ಮಿಲಿ ಆಂಪಿಯರಿನದ್ದು ಹಾಕಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಸುಮಾರು ಜನ ಹಾಗೇ ಮಾಡುವುದು. ಇಷ್ಟು ತೇವದಲ್ಲಿ 30 ನಿಲ್ಲುವುದೇ ಇಲ್ಲ.

ಮೆಗ್ಗರ್ ಮಾಷ್ಟ್ರು

100ರದ್ದು ಹಾಕಬೇಡಿ. 30 ಮಿಲಿ ಆಂಪಿಯರ್ ಎಂಬುದು ಮನುಷ್ಯನ ಜೀವದ ಲೆಕ್ಕ. 100, 300ರವು ಬೆಂಕಿ ತಡೆಯಲಿಕ್ಕೆ, ಅಥವಾ ದೊಡ್ಡ ಕಟ್ಟಡದಲ್ಲಿ ಮೇಲಿನ ಹಂತಕ್ಕೆ. ಒದ್ದೆ ಗೇಟು ಹಿಡಿದ ಮಗುವನ್ನು ಅವು ಕಾಯುವುದಿಲ್ಲ. ಇನ್ನೊಂದು ಮಾತು. ನಮ್ಮಲ್ಲಿ ಅರ್ತ್ ಎಂದರೆ ಮನೆಯ ಹಿಂದಿನ ಗುಂಡಿಯೇ. ಅದರ ರೆಸಿಸ್ಟೆನ್ಸ್ 50 ಓಮ್ ಇದ್ದರೆ, ಫೇಸ್ ನೇರವಾಗಿ ಗೇಟಿಗೆ ತಾಗಿದರೂ ಹರಿಯುವುದು ನಾಲ್ಕೂವರೆ ಆಂಪಿಯರ್. 10 ಆಂಪಿಯರ್ ಎಂಸಿಬಿ ಅದನ್ನು ನೋಡಿಕೊಂಡು ಸುಮ್ಮನೆ ಕೂರುತ್ತದೆ. ಹಾಗಾಗಿ ಇಎಲ್‌ಸಿಬಿ (ಸರಿಯಾಗಿ ಹೇಳಬೇಕೆಂದರೆ ಆರ್‌ಸಿಸಿಬಿ) ನಮ್ಮ ಮನೆಗಳಲ್ಲಿ ಎರಡನೇ ಕಾವಲುಗಾರ ಅಲ್ಲ, ಇರುವ ಒಬ್ಬನೇ.

ಈಗ ವಿಷಯಕ್ಕೆ. ಪಂಪು ಎತ್ತಬೇಡಿ. ನೀವು ಬರೆದದ್ದರಲ್ಲೇ ಉತ್ತರ ಅರ್ಧ ಉಂಟು: ಅಂಗಳದ ಎಂಸಿಬಿ ಇಳಿಸಿದ್ದಾಗಲೂ, ಪಂಪು ಸ್ಟಾರ್ಟ್ ಆಗುವ ಕ್ಷಣಕ್ಕೆ ಮಾತ್ರ ಬೀಳುತ್ತದೆ. ಇದು ನ್ಯೂಟ್ರಲ್ ಅರ್ತಿಗೆ ತಾಗುತ್ತಿರುವ ಲಕ್ಷಣ. ತಾಗುವ ಜಾಗ ಅಂಗಳದಲ್ಲೇ ಇರಬಹುದು.

ಹೇಗೆಂದರೆ, ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಅಂಗಳದ ನ್ಯೂಟ್ರಲ್ ವೈರು ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ನ್ಯೂಟ್ರಲ್ ಬಾರಿಗೆ, ಅಂದರೆ ಎಲ್ಲ ನ್ಯೂಟ್ರಲ್ ಸೇರುವ ಪಟ್ಟಿಗೆ, ಕಟ್ಟಿಕೊಂಡೇ ಇರುತ್ತದೆ. ನ್ಯೂಟ್ರಲಿನಲ್ಲಿ ಸುಮ್ಮನಿದ್ದಾಗ ಒಂದೆರಡು ವೋಲ್ಟ್ ಇರುವುದು ಸಾಮಾನ್ಯ, ಅಷ್ಟಕ್ಕೆ ಏನೂ ಆಗುವುದಿಲ್ಲ. ಆದರೆ 1 ಎಚ್‌ಪಿ ಪಂಪು ಸ್ಟಾರ್ಟ್ ಆಗುವಾಗ 25ರಿಂದ 30 ಆಂಪಿಯರ್ ಎಳೆಯುತ್ತದೆ. ಕಂಬದಿಂದ ಮನೆವರೆಗಿನ ನ್ಯೂಟ್ರಲ್ ದಾರಿ 0.3 ಓಮ್ ಇದ್ದರೂ 8-9 ವೋಲ್ಟ್ ಏರಿತು. ಅಂಗಳದಲ್ಲೆಲ್ಲೋ ನ್ಯೂಟ್ರಲ್ ಮತ್ತು ಅರ್ತಿನ ನಡುವೆ 200 ಓಮ್ ಇದ್ದರೆ 40 ಮಿಲಿ ಆಂಪಿಯರ್ ಅಡ್ಡದಾರಿಯಲ್ಲಿ ಹೋಯಿತು. ಇಎಲ್‌ಸಿಬಿ ಬಿತ್ತು. ಪಂಪು ಓಡಲು ಶುರುವಾದ ಮೇಲೆ ಅದು ಎಳೆಯುವುದು 6-7 ಆಂಪಿಯರ್. ಆಗ ಸೋರುವುದು ಸುಮಾರು ಹತ್ತು ಮಿಲಿ ಆಂಪಿಯರ್, ಹಾಗಾಗಿ ನಿಲ್ಲುತ್ತದೆ. ಪಾಪದ ಪಂಪಿಗೆ ಸುಮ್ಮನೆ ಕೆಟ್ಟ ಹೆಸರು.

ಗಮನಿಸಿ, ಬರೀ ತೇವಕ್ಕೆ 200 ಓಮ್ ಬರುವುದಿಲ್ಲ. ತೇವ ಹಿಡಿದ ಕನೆಕ್ಟರ್ ಕೆಲವು ಸಾವಿರ, ಹತ್ತಾರು ಸಾವಿರ ಓಮ್ ತೋರಿಸುತ್ತದೆ. ಅಷ್ಟು ಸೋರಿಕೆ ಫೇಸಿನಲ್ಲಿದ್ದರೆ ಬೀಳಲಿಕ್ಕೆ ಸಾಕು, ಯಾಕೆಂದರೆ ಅಲ್ಲಿ 230 ವೋಲ್ಟ್ ಉಂಟು. ನ್ಯೂಟ್ರಲಿನಲ್ಲಿದ್ದರೆ ಏನೇನೂ ಸಾಲದು. ಆದ್ದರಿಂದ ನಿಮ್ಮಲ್ಲಿ ಎರಡು ದೋಷ ಇರಬಹುದೆಂದು ಇಟ್ಟುಕೊಂಡೇ ಹುಡುಕಿ. ಒಂದು ಫೇಸಿನ ತೇವದ ಸೋರಿಕೆ, ಬೆಳಗಿನ ಜಾವ ಲೈಟು ಉರಿಯುವಾಗ ಬೀಳಿಸುವುದು ಅದು. ಇನ್ನೊಂದು ನ್ಯೂಟ್ರಲ್ ವೈರು ಎಲ್ಲೋ ಲೋಹಕ್ಕೆ ಒತ್ತಿಕೊಂಡಿರುವುದು. ಒಂದನ್ನು ಸರಿಮಾಡಿ ಕೆಲಸ ಮುಗಿಯಿತೆಂದು ಹೋದರೆ ಮುಂದಿನ ವಾರ ಪುನಃ ಫೋನು ಬರ್ತದೆ.

ಬೆಳಗಿನ ಜಾವವೇ ಯಾಕೆ? ಲೈಟು, ಜಂಕ್ಷನ್ ಬಾಕ್ಸು ಹಗಲು ಕಾದು ಒಳಗಿನ ಗಾಳಿಯನ್ನು ಹೊರಗೆ ಬಿಡುತ್ತವೆ, ರಾತ್ರಿ ತಣ್ಣಗಾಗುವಾಗ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಮುಂಜಾನೆಗೆ ಒಳಗೋಡೆಯಲ್ಲಿ ನೀರು ಕೂತಿರುತ್ತದೆ. ಆ ಹೊತ್ತಿಗೆ ಲೋಡ್ ಕಡಿಮೆ ಇರುವುದರಿಂದ ಲೈನ್ ವೋಲ್ಟೇಜೂ ಸ್ವಲ್ಪ ಮೇಲೆ. ಜೋರು ಮಳೆಯಲ್ಲಿ ಬೀಳದಿರುವುದೂ ವಿಚಿತ್ರ ಅಲ್ಲ. ಮಳೆನೀರು ಶುದ್ಧ, ಅದರಲ್ಲಿ ಕರೆಂಟು ಹೆಚ್ಚು ಹರಿಯುವುದಿಲ್ಲ. ಹರಿಸುವುದು ಉಪ್ಪು. ಕಡಲ ಗಾಳಿಯ ಉಪ್ಪು ಟರ್ಮಿನಲ್ ಮೇಲೆ ಕೂತು, ತೆಳು ತೇವ ತಾಗಿದಾಗ ದಾರಿ ಆಗುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟಿನ) ಜಡಿಮಳೆ ಹೊರಗಿನ ಉಪ್ಪನ್ನು ತೊಳೆದು ಬಿಡುತ್ತದೆ. ಮೊದಲ ಮಳೆಯ ಹೊತ್ತಿಗೆ ಮತ್ತು ಅಕ್ಟೋಬರಿನಲ್ಲಿ ಇಂಥ ದೂರು ಜಾಸ್ತಿ ಬರುವುದು ಇದೇ ಕಾರಣಕ್ಕೆ.

ಹುಡುಕುವ ಮೊದಲ ನಿಯಮ: ಒದ್ದೆ ಇರುವಾಗಲೇ, ಯಾವ ಬಾಕ್ಸನ್ನೂ ತೆರೆಯದೆ, ಡಿಬಿಯಲ್ಲೇ ಅಳೆಯಬೇಕು. ಬೆಳಗ್ಗೆ ಬಿತ್ತು, ಎಲೆಕ್ಟ್ರಿಷಿಯನ್ ಹನ್ನೊಂದಕ್ಕೆ ಬಂದರು, ಗೇಟ್ ಲೈಟಿನ ಮುಚ್ಚಳ ಬಿಚ್ಚಿದರು, ಗಾಳಿ ಆಡಿತು, ಒಣಗಿತು. ಆಮೇಲೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಾಕಿದರೆ ಎಲ್ಲ ಚೆಂದವೇ ಕಾಣುವುದು.

ಕ್ರಮ ಹೀಗೆ. ಬಿದ್ದ ಕೂಡಲೇ ಮೈನ್ ಇಳಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ ಅದರ ಔಟ್‌ಪುಟ್ ಬಿಡಿಸಿ. ಮೈನ್ ಇಳಿಸಿದ ಮೇಲೂ ಸಿಟೌಟಿನ ಲೈಟಿನಲ್ಲಿ ಇನ್ವರ್ಟರಿನ 230 ವೋಲ್ಟ್ ಇರುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಟೆಸ್ಟರ್ ನಂಬಬೇಡಿ, ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರೂ ನೋಡಿ. ನಂತರ ಅಂಗಳದ ಫೇಸನ್ನು ಎಂಸಿಬಿಯಿಂದ, ನ್ಯೂಟ್ರಲನ್ನು ಬಾರಿನಿಂದ, ಎರಡನ್ನೂ ಬಿಚ್ಚಿ. ಎರಡನ್ನೂ ಸೇರಿಸಿ ಹಿಡಿದು, ಅರ್ತಿಗೆ 250 ವೋಲ್ಟಿನಲ್ಲಿ ಮೆಗ್ಗರ್ ಹಾಕಿ. ಎಲ್‌ಇಡಿ ಲೈಟುಗಳು ಲೈನಿನಲ್ಲಿ ಇರುವವರೆಗೆ ಫೇಸ್-ನ್ಯೂಟ್ರಲ್ ನಡುವೆ ಹಾಕಲೇಬೇಡಿ, ಅವುಗಳ ಡ್ರೈವರ್ (ಒಳಗಿನ ಸಣ್ಣ ಸರ್ಕ್ಯೂಟು) ಸುಟ್ಟು ಹೋಗ್ತದೆ. ಒಂದು ನಿಮಿಷ ಒತ್ತಿ ಹಿಡಿಯಿರಿ. ಒಳ್ಳೆ ವೈರಿನ ಓದು ನಿಧಾನಕ್ಕೆ ಏರುತ್ತದೆ ಅಥವಾ ನಿಲ್ಲುತ್ತದೆ, ತೇವ ಇದ್ದದ್ದು ಇಳಿಯುತ್ತದೆ ಅಥವಾ ಕುಣಿಯುತ್ತದೆ.

ಮೆಗ್ಗರ್ 0.00 ತೋರಿಸಿದರೆ ಅಲ್ಲಿಗೇ ಬಿಡಬೇಡಿ. ಅದರ ಕಣ್ಣಿಗೆ 10 ಓಮ್ ಮತ್ತು 5,000 ಓಮ್ ಒಂದೇ. ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ನ್ಯೂಟ್ರಲ್-ಅರ್ತ್ ನೋಡಿ, ಮೀಟರಿನ ಎರಡು ಕಡ್ಡಿಗಳನ್ನು ಅದಲು ಬದಲು ಮಾಡಿ ಪುನಃ ನೋಡಿ. ಎರಡೂ ಸಲ ಒಂದೇ ಅಂಕೆ ಸ್ಥಿರವಾಗಿ ಬಂದರೆ ತಾಮ್ರ ಲೋಹಕ್ಕೆ ತಾಗಿದೆ. ಅಂಕೆ ಓಲಾಡಿದರೆ, ಅದಲು ಬದಲು ಮಾಡಿದಾಗ ಬೇರೆ ಬಂದರೆ, ನಡುವೆ ಒದ್ದೆ ಉಪ್ಪು ಅಥವಾ ತುಕ್ಕು ಉಂಟು. ಅದು ಸಣ್ಣ ಬ್ಯಾಟರಿಯಂತೆ ತನ್ನದೇ ವೋಲ್ಟೇಜ್ ಹುಟ್ಟಿಸಿ ಮೀಟರನ್ನು ದಾರಿ ತಪ್ಪಿಸುತ್ತದೆ.

ಪಂಪಿಗೂ ಹೀಗೇ, ಎರಡೂ ವೈರು ಬಿಚ್ಚಿ 500 ವೋಲ್ಟಿನಲ್ಲಿ ಅರ್ತಿಗೆ. 1 ಮೆಗಾಓಮಿಗಿಂತ ಮೇಲಿದ್ದರೆ ಬಾವಿಯಲ್ಲೇ ಇರಲಿ. ಓದುಗಳನ್ನು ಇಲ್ಲಿ ಹಾಕಿ.

ಸುರತ್ಕಲ್ ವೈರಿಂಗ್

ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೆಗ್ಗರ್ ಇಲ್ಲದೆಯೂ ಕರೆಂಟು ಇದ್ದ ಹಾಗೆಯೇ ನೋಡುವ ದಾರಿ ಉಂಟು, ಲೀಕೇಜ್ ಕ್ಲಾಂಪ್ ಮೀಟರ್. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕ್ಲಾಂಪ್ ಮೀಟರ್ ಅಲ್ಲ. ಅದು 0.1 ಆಂಪಿಯರಿಗಿಂತ ಕೆಳಗೆ ಕುರುಡು, ಅಂದರೆ 100 ಮಿಲಿ ಆಂಪಿಯರ್ ಅದರ ಕೊನೆಯ ಅಂಕೆ. 0.01 ಮಿಲಿ ಆಂಪಿಯರ್ ತೋರಿಸುವುದೇ ಬೇಕು.

ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ದವಡೆಯೊಳಗೆ ಹಾಕಿ, ಅರ್ತ್ ವೈರು ಹೊರಗಿರಲಿ. ಬರುವ ಅಂಕೆಯೇ ಸೋರಿಕೆ. ಮೊದಲು ಮೈನಿನಲ್ಲಿ, ನಂತರ ಒಂದೊಂದು ಸರ್ಕ್ಯೂಟಿನಲ್ಲಿ. ದವಡೆಯ ತುದಿಯಲ್ಲಿ ಧೂಳು ಕೂತು ಪೂರ್ತಿ ಮುಚ್ಚದಿದ್ದರೆ ಅಂಕೆ ಸುಳ್ಳು ಬರ್ತದೆ.

ಇನ್ನೊಂದು ಪರೀಕ್ಷೆ ನಿಮ್ಮ ಕೇಸಿಗೇ ಹೇಳಿ ಮಾಡಿಸಿದ್ದು. ಅಂಗಳದ ಎಂಸಿಬಿ ಇಳಿಸಿ, ಅಂಗಳದ ನ್ಯೂಟ್ರಲ್ ವೈರೊಂದಕ್ಕೇ ಕ್ಲಾಂಪ್ ಹಾಕಿ. ಫೇಸ್ ಕಡಿದಿರುವಾಗ ಅದರಲ್ಲಿ ಸೊನ್ನೆ ಇರಬೇಕು. ಪಂಪು ಓಡುವಾಗ ಅದರಲ್ಲಿ ಕೆಲವು ಮಿಲಿ ಆಂಪಿಯರ್ ಕಂಡರೆ ನ್ಯೂಟ್ರಲ್ ಅರ್ತಿಗೆ ಸೋರುತ್ತಿದೆ. ಅರ್ಧ ಆಂಪಿಯರ್, ಒಂದು ಆಂಪಿಯರ್ ಕಂಡು, ಮನೆಯೊಳಗಿನ ಯಾವುದೋ ಫ್ಯಾನು ನಿಲ್ಲಿಸಿದರೆ ಇಳಿದರೆ, ಅದು ಸೋರಿಕೆ ಅಲ್ಲ. ಯಾರೋ ವೈರು ಉಳಿಸಲಿಕ್ಕೆ ಬೇರೆ ಸರ್ಕ್ಯೂಟಿನ ನ್ಯೂಟ್ರಲನ್ನು ಎರವಲು ತೆಗೆದಿದ್ದಾರೆ. ಸಿಟೌಟಿನ ಸ್ವಿಚ್ ಬೋರ್ಡಿನಲ್ಲಿ ಇದು ಬಹಳ. ಎಲ್ಲ ಒಂದೇ ಇಎಲ್‌ಸಿಬಿಯ ಕೆಳಗಿರುವಾಗ ಗೊತ್ತಾಗುವುದಿಲ್ಲ, ಮುಂದೆ ಬೇರೆ ಮಾಡುವಾಗ ಕಾಡುತ್ತದೆ.

ರಾತ್ರಿಯಿಡೀ ಕಾಯುವುದು ಬೇಡವೆಂದರೆ ಮೀಟರಿನಲ್ಲಿ ಮ್ಯಾಕ್ಸ್ ಒತ್ತಿ, ಅಂಗಳದ ಫೇಸ್-ನ್ಯೂಟ್ರಲ್ ಜೋಡಿಗೆ ಹಾಕಿ ಬಿಟ್ಟು ಮಲಗಿ. ಮೊದಲು ಅದರ ತಾನಾಗಿ ಆಫ್ ಆಗುವ ಸೆಟ್ಟಿಂಗ್ ತೆಗೆಯಬೇಕು.

ಉದ್ಯಾವರ ಹೊಳೆಬದಿ

ಇಬ್ಬರಿಗೂ ಧನ್ಯವಾದ. ಲೈಸೆನ್ಸ್ ಇರುವ ಬೇರೆ ಎಲೆಕ್ಟ್ರಿಷಿಯನ್ ಒಬ್ಬರಿಂದ ಬೆಳಗ್ಗೆ ಬೇಗ, ಇನ್ನೂ ಒದ್ದೆ ಇರುವಾಗಲೇ ಅಳೆಸಿದೆ.

ಅಂಗಳ, ಫೇಸ್ ನ್ಯೂಟ್ರಲ್ ಸೇರಿಸಿ ಅರ್ತಿಗೆ: 0.00 ಮೆಗಾಓಮ್. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್-ಅರ್ತ್ 150ರಿಂದ 400 ಓಮ್ ನಡುವೆ ಓಲಾಡಿತು, ಕಡ್ಡಿ ಬದಲಿಸಿದಾಗ ಬೇರೆಯೇ ಬಂತು. ಅದೇ ದಿನ ಬಿಸಿಲು ಬಂದ ಮೇಲೆ ಮೆಗ್ಗರ್ 6 ಮೆಗಾಓಮ್ ತೋರಿಸಿತು. ಪಂಪು 35 ಮೆಗಾಓಮ್.

ಕ್ಲಾಂಪಿನಲ್ಲಿ, ಅಂಗಳವನ್ನು ಪೂರ್ತಿ ಬಿಡಿಸಿ ಮನೆಯೊಳಗಿನದ್ದು ಮಾತ್ರ ನೋಡಿದಾಗ 8.5 ಮಿಲಿ ಆಂಪಿಯರ್. ಇದು ಜಾಸ್ತಿಯೋ?

ಮೆಗ್ಗರ್ ಮಾಷ್ಟ್ರು

ಪಂಪು ಬಚಾವ್. 35 ಮೆಗಾಓಮ್ ಎಂದರೆ ಬಾವಿಯೊಳಗೆ ಕೂತ ಪಂಪಿಗೆ ಒಳ್ಳೆ ಆರೋಗ್ಯ.

8.5 ಎಂಬುದು ಗಡಿಯ ಮೇಲೆ. 30ರ ಇಎಲ್‌ಸಿಬಿಯಲ್ಲಿ ಯಾವಾಗಲೂ ಇರುವ ಸೋರಿಕೆ ಶೇಕಡಾ 30ರ ಒಳಗೆ, ಅಂದರೆ 9ರ ಒಳಗೆ ಇರಬೇಕೆಂಬುದು ರೂಢಿ. ಇನ್ವರ್ಟರ್, ವಾಷಿಂಗ್ ಮೆಷಿನ್, ಕಂಪ್ಯೂಟರ್, ಎಲ್‌ಇಡಿ ಡ್ರೈವರ್ ಇವುಗಳ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಅಷ್ಟಷ್ಟು ಅರ್ತಿಗೆ ಹೋಗುವುದು ಸಹಜ, ಅದು ದೋಷ ಅಲ್ಲ. ಆದರೆ ಇಎಲ್‌ಸಿಬಿ ಬೀಳುವುದು ಸರಿಯಾಗಿ 30ಕ್ಕೇ ಅಲ್ಲ. ನಿಯಮದ ಪ್ರಕಾರ 15ರಿಂದ 30ರ ಒಳಗೆ ಎಲ್ಲಿಯೂ ಬೀಳಬಹುದು, ಹೆಚ್ಚಿನವು 20-25ರಲ್ಲಿ ಬೀಳುತ್ತವೆ. ನಿಮ್ಮದು 22ಕ್ಕೆ ಬೀಳುವುದೆಂದು ಇಟ್ಟುಕೊಂಡರೆ, 8.5 ಮೊದಲೇ ಹೋಗಿದೆ, ಅಂಗಳಕ್ಕೆ ಉಳಿಯುವುದು 13.5. ಫೇಸಿನಲ್ಲಿ 17,000 ಓಮ್ ಸೋರಿಕೆ ಸಾಕು.

ಸುರತ್ಕಲ್ ವೈರಿಂಗ್

ಇಲ್ಲಿ ಒಂದು ತಿದ್ದುಪಡಿ ಮಾಷ್ಟ್ರೇ. ಕೆಪಾಸಿಟರಿನ ಸೋರಿಕೆ ಮತ್ತು ತೇವದ ಸೋರಿಕೆ ನೇರ ಕೂಡುವುದಿಲ್ಲ, ಎರಡರ ನಡುವೆ 90 ಡಿಗ್ರಿ ಅಂತರ. ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. 22ರಲ್ಲಿ 8.5 ಪೂರ್ತಿ ಕೆಪಾಸಿಟರಿನದ್ದಾದರೆ ಅಂಗಳಕ್ಕೆ ಉಳಿಯುವುದು 20 ಮಿಲಿ ಆಂಪಿಯರ್, ಅಂದರೆ ಸುಮಾರು 11,000 ಓಮ್. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಮನೆಯೊಳಗಿನ ಸೋರಿಕೆ ಇಳಿಸಿದರೆ ಅಂಗಳದ ಸಮಸ್ಯೆ ತೀರುತ್ತದೆಂದು ಜನ ವಾಷಿಂಗ್ ಮೆಷಿನ್ ಬದಲಾಯಿಸಲು ಹೊರಡುತ್ತಾರೆ. ತೀರುವುದಿಲ್ಲ. ಅಂಗಳದ್ದನ್ನೇ ಸರಿಮಾಡಬೇಕು.

ಮೆಗ್ಗರ್ ಮಾಷ್ಟ್ರು

ಲೆಕ್ಕ ಅವರದ್ದೇ ಸರಿ. 11,000 ಎಂದು ಇಟ್ಟುಕೊಳ್ಳಿ.

ಮುಂದಿನ ಹೆಜ್ಜೆ ಭಾಗ ಮಾಡುವುದು. ತುದಿಯಿಂದ ಒಂದೊಂದೇ ಲೈಟು ಬಿಚ್ಚುತ್ತಾ ಬರಬೇಡಿ, ನಡುವಿನಿಂದ ಕಡಿಯಿರಿ. ಒಂಬತ್ತು ಲೈಟು, ಒಂದು ಪ್ಲಗ್ ಇದ್ದರೂ ಮೂರು ನಾಲ್ಕು ಸಲ ಅರ್ಧ ಮಾಡಿದರೆ ಜಾಗ ಸಿಗುತ್ತದೆ. ಕಷ್ಟ ಇರುವುದು ಒದ್ದೆ ಇರುವಾಗ ತೆರೆದರೆ ಒಣಗುತ್ತದೆ ಎಂಬುದರಲ್ಲಿ. ಅದಕ್ಕೆ ಒಣ ಮಧ್ಯಾಹ್ನವೇ ತಯಾರಿ ಮಾಡಿಡಿ. ಲೈನ್ ಆಫ್ ಮಾಡಿ, ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ಕವಲುಗಳನ್ನು ಬೇರ್ಪಡಿಸಿ. ಪ್ರತಿ ಕವಲಿನ ಫೇಸ್, ನ್ಯೂಟ್ರಲ್, ಅರ್ತಿಗೆ ಒಂದೊಂದು ಮೊಳ ತುಂಡು ವೈರು ಸೇರಿಸಿ ಬಾಕ್ಸಿನ ಅಡಿಯ ತೂತಿನಿಂದ ಹೊರಗೆ ತನ್ನಿ, ಚೀಟಿ ಕಟ್ಟಿ, ಮುಚ್ಚಳ ಮೊದಲಿನ ಹಾಗೇ ಮುಚ್ಚಿ. ಡಿಬಿಯಲ್ಲಿ ಅಂಗಳದ ವೈರು ಬಿಚ್ಚಿಯೇ ಇರಲಿ, ಹೊರಬಿಟ್ಟ ತುದಿಗಳಿಗೆ ಆ ಕಡೆಯಿಂದ ಕರೆಂಟು ಬರುವ ದಾರಿಯೇ ಇರಬಾರದು. ಮರುದಿನ ಬೆಳಗ್ಗೆ ಏನನ್ನೂ ತೆರೆಯದೆ ತುದಿಗಳಲ್ಲೇ ಅಳೆಯಬಹುದು.

ಮಳೆ ಬಾರದೆ ಹೋದರೆ ತೋಟಕ್ಕೆ ನೀರು ಬಿಡುವ ಪೈಪು ಹಿಡಿಯಿರಿ. ಮೈನ್ ಇಳಿಸಿ, ವೈರು ಡಿಬಿಯಲ್ಲಿ ಬಿಚ್ಚಿಟ್ಟು, ಒಂದು ಲೈಟಿಗೆ ಮಾತ್ರ ಮೇಲಿನಿಂದ ಮಳೆಯ ಹಾಗೆ ಐದು ನಿಮಿಷ ನೀರು ಚಿಮುಕಿಸಿ, ಕಾಲು ಗಂಟೆ ಬಿಟ್ಟು ಮೆಗ್ಗರ್ ನೋಡಿ, ಆಮೇಲೆ ಮುಂದಿನದ್ದು. ಎಲ್ಲಕ್ಕೂ ಒಟ್ಟಿಗೆ ನೀರು ಹೊಡೆದರೆ ಯಾವುದು ಎಂದು ಗೊತ್ತಾಗುವುದಿಲ್ಲ.

ಫೇಸ್ ಬೇರೆ, ನ್ಯೂಟ್ರಲ್ ಬೇರೆ ಅಳೆಯಬೇಕಾದರೆ ಆ ಕವಲಿನ ಲೈಟುಗಳನ್ನು ಬಿಚ್ಚಲೇಬೇಕು. ಇಲ್ಲದಿದ್ದರೆ ಲೈಟಿನ ಮೂಲಕವೇ ಒಂದರ ದೋಷ ಇನ್ನೊಂದರಲ್ಲಿ ಕಾಣುತ್ತದೆ. ಲೈಟು ಬಿಚ್ಚಿದ ಕೂಡಲೇ ಓದು ಸರಿಯಾದರೆ ದೋಷ ಲೈಟಿನಲ್ಲಿ, ಅಥವಾ ಅದನ್ನು ಕೂರಿಸಿದ ರೀತಿಯಲ್ಲಿ. ಹಾಗೇ ಉಳಿದರೆ ವೈರಿನಲ್ಲಿ.

ಮೊದಲು ಗೇಟಿನ ಕಂಬಗಳನ್ನು ನೋಡಿ. ಲೈಟಿನ ಲೋಹದ ಪ್ಲೇಟಿನ ಕೆಳಗೆ ವೈರು ಸಿಕ್ಕಿಕೊಳ್ಳುವುದು ಅಲ್ಲಿಯೇ ಹೆಚ್ಚು. ನಿಮ್ಮ ಓಲಾಡುವ 150-400 ಓಮ್ ಅದನ್ನೇ ಹೇಳುತ್ತಿದೆ: ಇನ್ಸುಲೇಶನ್ ಒತ್ತಿ ಸೀಳಿದೆ, ತಾಮ್ರ ಮತ್ತು ಪ್ಲೇಟಿನ ನಡುವೆ ತುಕ್ಕು ಉಪ್ಪಿನ ಕೆಸರು ತುಂಬಿದೆ. ಇರುವೆ ಗೂಡನ್ನೂ ಹುಡುಕಿ. ಅವು ತಂದು ಹಾಕುವ ಮಣ್ಣು ಎರಡು ಟರ್ಮಿನಲ್ ನಡುವೆ ಸೇತುವೆ ಕಟ್ಟುತ್ತದೆ.

ಉದ್ಯಾವರ ಹೊಳೆಬದಿ

ಹೇಳಿದ ಹಾಗೇ ತಯಾರಿ ಮಾಡಿಟ್ಟು ಒದ್ದೆಯಲ್ಲಿ ಅಳೆಸಿದೆ. ಗೇಟಿನ ಬಲಗಂಬದ ಲೈಟಿನಡಿಯಲ್ಲಿ ನ್ಯೂಟ್ರಲ್ ವೈರು ಪ್ಲೇಟಿಗೂ ಕಲ್ಲಿಗೂ ನಡುವೆ ಚಪ್ಪಟೆಯಾಗಿತ್ತು. ಸುತ್ತ ಹಸಿರು ಪುಡಿ. ಅದನ್ನು ಕತ್ತರಿಸಿದ ಮೇಲೆ ನ್ಯೂಟ್ರಲ್-ಅರ್ತ್ ಸರಿಯಾಯಿತು.

ಆದರೆ ಇಂಟರ್‌ಲಾಕಿನ ಅಡಿಯ ಭಾಗದಲ್ಲಿ, ಎರಡೂ ತುದಿ ಬಿಡಿಸಿ ಲೈಟು ಯಾವುದೂ ಇಲ್ಲದೆ, ಫೇಸ್-ಅರ್ತ್ 9,000 ಓಮ್ ಹತ್ತಿರ ಬರುತ್ತದೆ. ಒಣ ದಿನ 2 ಮೆಗಾಓಮ್. ಪೈಪಿನೊಳಗೆ ಎಲ್ಲೋ ಜಾಯಿಂಟ್ ಉಂಟೆಂದು ಎಲೆಕ್ಟ್ರಿಷಿಯನ್ ಅಂದಾಜು. ಅಗೆದು ಜಾಯಿಂಟ್ ಹುಡುಕಿ ಸರಿ ಮಾಡುವುದೋ, ಪೂರ್ತಿ ಬದಲಾಯಿಸುವುದೋ? ಡಿಬಿಯಿಂದ ಗೇಟಿಗೆ ಸುಮಾರು 35 ಮೀಟರ್.

ಸುರತ್ಕಲ್ ವೈರಿಂಗ್

ಬದಲಾಯಿಸಿ. ಮಳೆಗಾಲದಲ್ಲಿ ನೆಲದೊಳಗಿನ ಪಿವಿಸಿ ಪೈಪು ನೀರಿನ ಕೊಳವೆಯೇ. ಜಾಯಿಂಟಿನಿಂದ ಇಳಿದೋ, ಒಳಗೇ ಬೆವರಿಯೋ, ತುಂಬುವುದಂತೂ ಖಂಡಿತ. ಮನೆಯೊಳಗಿನ ಗೋಡೆಗೆಂದು ಮಾಡಿದ ಒಂಟಿ ವೈರು ತಿಂಗಳುಗಟ್ಟಲೆ ನೀರಲ್ಲಿ ಮುಳುಗಿರಲಿಕ್ಕೆ ಅಲ್ಲ. ಒಂದು ಜಾಯಿಂಟ್ ಹುಡುಕಿ ಟೇಪು ಸುತ್ತಿದರೆ ಮುಂದಿನ ವರ್ಷ ಇನ್ನೊಂದು.

ಬೇಕಾಗುವುದು: 2.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರದ ಆರ್ಮರ್ಡ್ (ಕಬ್ಬಿಣದ ತಂತಿ ಸುತ್ತಿದ) ಕೇಬಲ್, ತಿರುವು ಮತ್ತು ತುದಿಗೆ ಸೇರಿಸಿ 42 ಮೀಟರ್ ತನ್ನಿ. ತುಂಡು ಮಾಡದೆ ಒಂದೇ ಎಳೆ. ಪ್ರತಿ ತುದಿಗೂ ಡಬಲ್ ಕಂಪ್ರೆಶನ್ ಗ್ಲ್ಯಾಂಡ್ (ಕೇಬಲನ್ನು ಬಾಕ್ಸಿಗೆ ಬಿಗಿದು ನೀರು ತಡೆಯುವ ಬಿರಡೆ), ಕೇಬಲಿನ ಹೊರ ಅಳತೆಗೆ ಸರಿಯಾದದ್ದು. ಗುಂಡಿಗೆ 750 ಮಿಲಿಮೀಟರ್ ಆಳ ಎಂಬುದು ಐಎಸ್ 1255ರ ಲೆಕ್ಕ. ಅಗೆಯುವಾಗ ಸಿಕ್ಕುವ ಕೆಂಪುಕಲ್ಲಿನ ಚೂರುಗಳನ್ನು ಪೂರ್ತಿ ತೆಗೆಯಬೇಕು, ಅವುಗಳ ಅಂಚು ಕೇಬಲಿನ ಹೊದಿಕೆಯನ್ನು ಸೀಳುತ್ತದೆ. ಅಡಿಗೆ ಮೂರು ಇಂಚು ಮರಳು, ಕೇಬಲ್, ಮೇಲೆ ಮೂರು ಇಂಚು ಮರಳು, ಅದರ ಮೇಲೆ ಹಳೆಯ ಮಂಗಳೂರು ಹಂಚು ಸಾಲಾಗಿ. ಮನೆಯ ಹಿಂದೆ ರಾಶಿ ಬಿದ್ದಿರುವ ಹಂಚಿಗೆ ಇದಕ್ಕಿಂತ ಒಳ್ಳೆ ಉಪಯೋಗ ಇಲ್ಲ. ನಾಳೆ ಯಾರಾದರೂ ಪಿಕಾಸಿ ಹಾಕಿದರೆ ಮೊದಲು ಹಂಚು ಒಡೆಯುತ್ತದೆ.

ಮೂರನೇ ಕೋರನ್ನೇ ಅರ್ತಿಗೆ ಬಳಸಿ. ಆರ್ಮರನ್ನೂ ಡಿಬಿ ಕಡೆ ಗ್ಲ್ಯಾಂಡಿನಲ್ಲಿ ಅರ್ತ್ ಮಾಡಿ, ಆದರೆ ಅದೊಂದನ್ನೇ ನಂಬಬೇಡಿ. ಉಪ್ಪು ನೆಲದಲ್ಲಿ ಕಬ್ಬಿಣದ ತಂತಿ ಕೆಲವು ವರ್ಷದಲ್ಲಿ ತುಕ್ಕು ತಿಂದು ಹೋಗುತ್ತದೆ.

ಬಾಕ್ಸು ಲೋಹದ್ದು ಬೇಡ, ಐಪಿ 66ರ (ಧೂಳು, ನೀರು ಒಳಗೆ ಬಿಡದ) ಪಾಲಿಕಾರ್ಬೊನೇಟ್ ತನ್ನಿ. ಕೇಬಲ್ ಬರುವುದು ಹೋಗುವುದು ಎಲ್ಲ ಅಡಿಯಿಂದ, ಮೇಲಿನಿಂದ ಒಂದೂ ತೂತು ಬೇಡ. ಇಲ್ಲಿ ನಡೆಯುವ ದೊಡ್ಡ ಎಡವಟ್ಟು ಒಂದುಂಟು: ದುಬಾರಿ ಐಪಿ 66 ಬಾಕ್ಸು ತಂದು, ಅದರ ಗ್ಲ್ಯಾಂಡಿನಲ್ಲಿ ಮೂರು ಒಂಟಿ ವೈರು ತೂರಿಸುವುದು. ಗ್ಲ್ಯಾಂಡಿನ ರಬ್ಬರ್ ಒತ್ತುವುದು ಉರುಟು ಕೇಬಲನ್ನು ಮಾತ್ರ. ಮೂರು ವೈರಿನ ನಡುವಿನ ಸಂದಿಯಲ್ಲಿ ನೀರೂ ಇರುವೆಯೂ ಆರಾಮಾಗಿ ಹೋಗುತ್ತವೆ. ಬಾಕ್ಸಿನಿಂದ ಲೈಟಿಗೆ ಉರುಟು ಮೂರು ಕೋರ್ ರಬ್ಬರ್ ಕೇಬಲ್ ಹಾಕಿ.

ಜಾಯಿಂಟಿಗೆ ಕಪ್ಪು ಟೇಪು ಬೇಡವೇ ಬೇಡ, ಒಂದು ಮಳೆಗಾಲದಲ್ಲಿ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ. ಲಿವರ್ ಕನೆಕ್ಟರಿನಲ್ಲಿ ಸೇರಿಸಿ, ಬಾಕ್ಸಿಗೆ ಇನ್ಸುಲೇಟಿಂಗ್ ಜೆಲ್ ತುಂಬಿ. ಜೆಲ್ಲನ್ನು ಬೇಕಾದಾಗ ಕಿತ್ತು ಪುನಃ ಅಳೆಯಬಹುದು. ರೆಸಿನ್ ಸುರಿದರೆ ಮತ್ತೆ ತೆರೆಯುವ ಹಾಗಿಲ್ಲ. ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವುದನ್ನು ತರಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದು ಕೇಳಿ. ಗೋಡೆಗೆ ಕೂರಿಸಿದ ಲೈಟಿನ ಪ್ಲೇಟಿಗೆ ಮೇಲೆ ಮತ್ತು ಎರಡು ಬದಿಗೆ ಮಾತ್ರ ಹಚ್ಚಿ, ಅಡಿಯಲ್ಲಿ ಒಂದು ಸೆಂಟಿಮೀಟರ್ ಬಿಡಿ. ಸುತ್ತಲೂ ಮುಚ್ಚಿದರೆ ಒಳಗೆ ಬೆವರಿದ ನೀರು ಅಲ್ಲೇ ಕೂರುತ್ತದೆ.

ಮೆಗ್ಗರ್ ಮಾಷ್ಟ್ರು

ಎಲ್ಲ ಮುಗಿದ ಮೇಲೆ, ಲೈಟು ಜೋಡಿಸುವ ಮೊದಲು, ಹೊಸ ಕೇಬಲಿಗೆ 500 ವೋಲ್ಟ್ ಹಾಕಿ ನೋಡಿ. ನಿಯಮಕ್ಕೆ 1 ಮೆಗಾಓಮ್ ಸಾಕು. ಆದರೆ ಹೊಸದು 100ಕ್ಕಿಂತ ಕೆಳಗೆ ಬಂದರೆ ನಾನಾದರೆ ಗ್ಲ್ಯಾಂಡ್ ಬಿಚ್ಚಿ ನೋಡಿಯೇ ಮುಂದೆ ಹೋಗುವುದು. ಅಂಕೆಯನ್ನು ಡಿಬಿ ಬಾಗಿಲಿನ ಒಳಗೆ ಬರೆದಿಡಿ.

ಜೊತೆಗೆ ಅಂಗಳಕ್ಕೆ ಬೇರೆಯೇ ಆರ್‌ಸಿಬಿಒ (ಇಎಲ್‌ಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಹಾಕಿಸಿ. 10 ಆಂಪಿಯರ್, 30 ಮಿಲಿ ಆಂಪಿಯರ್, ಎ ಟೈಪ್, ಡಬಲ್ ಪೋಲ್, ಐಎಸ್ 12640 ಮುದ್ರೆ ಇರುವುದು. ಎ ಟೈಪ್ ಯಾಕೆಂದರೆ ಎಲ್‌ಇಡಿ ಡ್ರೈವರ್ ಕೆಟ್ಟಾಗ ಸೋರುವುದು ಶುದ್ಧ ಎಸಿ ಆಗಿರುವುದಿಲ್ಲ. ಡಬಲ್ ಪೋಲ್ ಯಾಕೆಂದು ಈಗ ನಿಮಗೇ ಗೊತ್ತು.

ಉದ್ಯಾವರ ಹೊಳೆಬದಿ

ಅದನ್ನು ಈಗಿನ ಅಂಗಳದ ಎಂಸಿಬಿ ಇರುವ ಜಾಗದಲ್ಲೇ ಹಾಕಿದರೆ ಆಗದೇ?

ಮೆಗ್ಗರ್ ಮಾಷ್ಟ್ರು

ಆಗ ಅದು ಮನೆಯ ಇಎಲ್‌ಸಿಬಿಯ ಕೆಳಗೆ ಬಂತು. ಎರಡೂ 30ರವೇ, ಯಾವುದು ಮೊದಲು ಬೀಳುತ್ತದೆಂದು ಹೇಳಲಿಕ್ಕಾಗುವುದಿಲ್ಲ. ಗೇಟ್ ಲೈಟು ಒದ್ದೆಯಾದರೆ ಪುನಃ ಫ್ರಿಜ್ಜೂ ಆಫ್. ಮೈನ್ ಸ್ವಿಚ್ಚಿನ ಔಟ್‌ಪುಟ್ಟಿನಿಂದ ನೇರ ಕವಲು ತೆಗೆದು, ಇಎಲ್‌ಸಿಬಿಯ ಪಕ್ಕದಲ್ಲಿ ಕೂರಿಸಬೇಕು. ಡಿಬಿಯಲ್ಲಿ ಜಾಗ ಇಲ್ಲದಿದ್ದರೆ ಪಕ್ಕಕ್ಕೆ ನಾಲ್ಕು ಮಾಡ್ಯೂಲಿನ ಸಣ್ಣ ಬಾಕ್ಸು ಸಾಕು.

ಹಾಗೆ ಮಾಡುವಾಗ ಅಂಗಳದ ನ್ಯೂಟ್ರಲನ್ನು ಹಳೆಯ ಬಾರಿನಿಂದ ಬಿಚ್ಚಿ ಆರ್‌ಸಿಬಿಒದ ಔಟ್‌ಪುಟ್ ನ್ಯೂಟ್ರಲಿಗೇ ಕಟ್ಟಿ. ಹಳೆಯ ಬಾರಿನಲ್ಲೇ ಬಿಟ್ಟರೆ ಮೊದಲ ಲೈಟು ಹಾಕಿದ ಕೂಡಲೇ ಎರಡೂ ಬೀಳುತ್ತವೆ. ಸರಿಯಾಗಿ ಕಟ್ಟಿದ ಮೇಲೂ ಬಿದ್ದರೆ ಸುರತ್ಕಲಿನವರು ಹೇಳಿದ ಎರವಲು ನ್ಯೂಟ್ರಲ್ ಎಲ್ಲೋ ಉಂಟು. ಸಿಟೌಟಿನ ಬೋರ್ಡು ಮೊದಲು ಬಿಚ್ಚಿಸಿ.